ಶಿವರಾಯನ ಹೆಬ್ಬೆಟ್ಟು

ಗುರುಲಿಂಗಪ್ಪ ಪೊಲೀಸ್ ಜವಾನನಾಗಿ ಇಪ್ಪತ್ಮೂರು ವರ್ಷ ಕಳೆದಿದ್ದ. ಆ ಇಪ್ಪತ್ಮೂರು ವರ್ಷವೂ ಅವನ ಮನೆಯವರು ರೊಟ್ಟಿಯ ಜೊತೆಗೆ ಒಂದೇ ಮಾತನ್ನು ನಂಜಿಕೊಂಡು ಉಂಡಿದ್ದರು. ತನ್ನ ಹಣೆಯ ವಿಭೂತಿ ನೋಡಿಯೇ ಮೇಲಿನವರು ತನ್ನನ್ನು ಜಮಾದಾರ ಮಾಡಲಿಲ್ಲ ಎಂಬುದು ಆ ಮಾತು. ಮಾತೇನೂ ಸುಳ್ಳಲ್ಲ. ಹೈದರಾಬಾದಿನಿಂದ ಶಿಫಾರಸಿನ ಚೀಟಿ ತಂದ ಮೂವರು ಹುಡುಗರು ಅವನ ಕಣ್ಣೆದುರಿಗೇ ಅವನನ್ನು ದಾಟಿ ಜಮಾದಾರರಾಗಿದ್ದರು. ಆದರೆ ನಿಜವನ್ನೂ ದಿನಾ ಬಡಿಸಿದರೆ ಹಳಸುತ್ತದೆ. ಅವನು "ನಮ್ಮಂಥವರನ್ನ..." ಎಂದು ಶುರುಮಾಡಿದ ಕೂಡಲೇ ಹೆಂಡತಿ ಶಿವಕಾಂತಮ್ಮ ಪಲ್ಯದ ಬೋಗುಣಿ ತೆಗೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಹೈದರಾಬಾದ್ ಸರಕಾರದ ಫಸಲಿ ವರ್ಷ ೧೩೪೬ರ ಬೇಸಿಗೆಯಲ್ಲಿ, ಮುಂಗಾರಿನ ಮಿರಗದ ಮಳೆ ಇನ್ನೂ ಬೀಳದಿದ್ದಾಗ, ಕಲ್ಲಹಟ್ಟಿ ಠಾಣೆಯ ಮುದಿ ಜಮಾದಾರನಿಗೆ ವಾಡಿ ಠಾಣೆಗೆ ಬದಲಿಯಾಯಿತು. ಠಾಣೆಯ ಮುಖ್ಯಸ್ಥನಾದ ಅಮೀನ ಸಾಹೇಬ ಗುರುಲಿಂಗಪ್ಪನನ್ನು ಕರೆದು, ಸದ್ಯಕ್ಕೆ ನೀನೇ ಜಮಾದಾರಿ ನೋಡಿಕೋ ಎಂದ. ಬರುವ ತಿಂಗಳು ಕಲಬುರ್ಗಿಯಿಂದ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಮೊಹತಮೀಮ ಸಾಹೇಬರು ತಪಾಸಣೆಗೆ ಬರುತ್ತಾರೆ, ಕೆಲಸ ನೋಡಿ ಕಾಯಂ ಮಾಡುತ್ತಾರೆ ಎಂದೂ ಹೇಳಿದ.

"ಹಂಗಾಮಿ ಜಮಾದಾರ ಅಂದ್ರ ಏನೋ?" ತಾಯಿ ಶರಣಬಸಮ್ಮ ಊಟದ ಹೊತ್ತಿಗೆ ಕೇಳಿದಳು.

"ಬ್ಯಾರೆ ಯಾರರೆ ಸಿಗೂತನಕ ನಾ ಅಂತ."

"ಹಂಗಾರ ಯಾರೂ ಸಿಕ್ಕಿಲ್ಲ ಅವರಿಗಿ. ಮೋತಿ ಯಾಕ ಗಂಟ ಹಾಕ್ಕೊಂಡಿ? ನಗು."

"ದೇವರು ಕೊಟ್ರೂ ಪೂಜಾರಿ ಕೊಡಬೇಕಲ್ಲ ಎವ್ವಾ. ಮೊಹತಮೀಮ ಬರೂತನಕ ಒಂದು ತಪ್ಪು ಆಗಬಾರದು. ಒಂದು ಮಾಮಲಾ ಛಲೋ ಸಿಕ್ಕರ ಸಾಕು, ಈ ಸಲ ಯಾರು ದಾಟ್ತಾರ ನೋಡ್ತೀನಿ."

ಮಗ ಕಲ್ಯಾಣಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಸೇಡಮಿನಲ್ಲಿ ಉರ್ದು ಮಿಡ್ಲ್ ಪಾಸು ಮಾಡಿದ ಹುಡುಗ. ಎಂಟು ತಿಂಗಳ ಹಿಂದೆ ಅಪ್ಪನ ಠಾಣೆಯಲ್ಲೇ ಜವಾನನಾಗಿ ಸೇರಿದ್ದ. ಅವನ ಹೆಂಡತಿ ಲಲಿತಾಬಾಯಿ ತೆಂಗಳಿಯವಳು, ಮಾವನ ಎದುರು ಸೆರಗು ಇಳಿಸುವವಳಲ್ಲ, ನೇರ ಮಾತಾಡುವವಳೂ ಅಲ್ಲ. ಮಾವನಿಗೆ ಹೇಳಬೇಕಾದ್ದನ್ನೆಲ್ಲ ಅವನಿಗೆ ಕೇಳಿಸುವಂತೆ ಅತ್ತೆಗೆ ಹೇಳುತ್ತಿದ್ದಳು. ಆ ಪದ್ಧತಿಯಿಂದ ಗುರುಲಿಂಗಪ್ಪನಿಗೆ ಮರ್ಯಾದೆ ಎಷ್ಟು ಉಳಿಯುತ್ತಿತ್ತೋ ಗೊತ್ತಿಲ್ಲ, ಉತ್ತರ ಕೊಡುವ ಅವಕಾಶವಂತೂ ಹೋಗುತ್ತಿತ್ತು.

ಕಲ್ಯಾಣಪ್ಪನ ಪಾಲಿಗೆ ಬಂದ ಕೆಲಸ ಸಂಜೆಯ ಹಾಜರಿ. ಊರ ಹೊರಗಿನ ಕೇರಿಯ ಏಳು ಗಂಡಸರ ಹೆಸರು ಠಾಣೆಯ ಪುಸ್ತಕದಲ್ಲಿತ್ತು. ಅವರ ಅಜ್ಜಂದಿರ ಕಾಲದಲ್ಲಿ ಏನೋ ಕಳುವಾಗಿತ್ತಂತೆ. ಅಜ್ಜಂದಿರು ಸತ್ತರು, ಹೆಸರಿನ ಜಾಗದಲ್ಲಿ ಮಕ್ಕಳ ಹೆಸರು ಬಂತು, ಆಮೇಲೆ ಮೊಮ್ಮಕ್ಕಳದು. ದಿನಾ ದೀಪ ಹಚ್ಚುವ ಹೊತ್ತಿಗೆ ಅವರು ಠಾಣೆಗೆ ಬಂದು ಮುಖ ತೋರಿಸಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಹೋಗಬೇಕು. ಸರಕಾರದ ಕಾಯ್ದೆ ಹಾಗೆ. ಆದರೆ ಅವರು ಠಾಣೆಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಅದು ಊರಿನ ಕಾಯ್ದೆ. ಮಸಿಯ ಡಬ್ಬಿಯನ್ನು ಅವರ ಕೈಗೆ ಕೊಟ್ಟು ತಿರುಗಿ ತಾನು ಮುಟ್ಟುವುದು ಹೇಗೆ? ಗುರುಲಿಂಗಪ್ಪ ಹಿಂದೆಯೇ ಇದಕ್ಕೊಂದು ಹಾದಿ ಕಂಡುಕೊಂಡಿದ್ದ. ಮೇಲೆ ಕೂತು ಹೆಸರು ಕೂಗುವುದು. ಕೆಳಗಿನಿಂದ "ಹಾಜರ್ ಧಣಿ" ಅಂದರೆ ಮುಖ ನೋಡಿ, ಪುಸ್ತಕದಲ್ಲಿ ಆ ಹೆಸರಿನ ಮುಂದಿನ ಚೌಕದಲ್ಲಿ ತನ್ನದೇ ಹೆಬ್ಬೆಟ್ಟು ಒತ್ತುವುದು. ಏಳು ಕೂಗು, ಏಳು ಒತ್ತು. ಹದಿನೈದು ವರ್ಷ ಹೀಗೆ ನಡೆಸಿ, ಮಗನಿಗೂ ಮೊದಲ ದಿನವೇ ಕಲಿಸಿದ್ದ: "ಕೂಗು, ಮೋತಿ ನೋಡು, ಒತ್ತು. ಕೈ ತೊಳಕೊಂಡು ಮನಿಗಿ ಬಾ." ಅಪ್ಪನಿಗೂ ಮಗನಿಗೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಒಂದು ಸೋಮವಾರ ಅರಿವೆ ವ್ಯಾಪಾರಿ ಸೂಗಪ್ಪನ ಮನೆಯವರೆಲ್ಲ ದೀಪ ಹಚ್ಚಿಟ್ಟು ಮಠಕ್ಕೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ದೇವರ ಕೋಣೆಯ ಬೆಳ್ಳಿ ಸಾಮಾನು ಇಲ್ಲ. ಪಕ್ಕದ ಮನೆಯ ಮುದುಕಿ, ಕರ್ರಗಿನ ಎತ್ತರದವನೊಬ್ಬ ಹಿತ್ತಲ ಗೋಡೆ ಹಾರಿದ್ದನ್ನು ಬೆನ್ನ ಕಡೆಯಿಂದ ಕಂಡಿದ್ದಳು. ಅವತ್ತು ಟಪಾಲು ಹಿಡಿದು ಸೇಡಮಿಗೆ ಹೋಗಿದ್ದ ಗುರುಲಿಂಗಪ್ಪ ಮರುದಿನ ಮುಂಜಾನೆ ಬಂದವನೇ, ಸುದ್ದಿ ಕೇಳಿ, ಬೂಟು ಬಿಚ್ಚದೆ ಕೇರಿಗೆ ಹೋಗಿ ಶಿವರಾಯನನ್ನು ಕಟ್ಟಿ ತಂದ. ಶಿವರಾಯ ಕರ್ರಗಿದ್ದ, ಎತ್ತರವಿದ್ದ, ಪುಸ್ತಕದಲ್ಲಿ ಅವನ ಹೆಸರಿತ್ತು. ಅವನ ಗುಡಿಸಲಲ್ಲಿ ಒಂದು ಚೂರು ಬೆಳ್ಳಿಯೂ ಸಿಗಲಿಲ್ಲ. ಎಲ್ಲೋ ಹೂತಿರುತ್ತಾನೆ ಎಂದ ಗುರುಲಿಂಗಪ್ಪ. ಅಮೀನ ಬೆನ್ನು ತಟ್ಟಿದ.

ಮಧ್ಯಾಹ್ನ ಮನೆಯಲ್ಲಿ ಗುರುಲಿಂಗಪ್ಪ ಮೂರು ರೊಟ್ಟಿ ಹೆಚ್ಚು ಉಂಡ. ಆಗ ಕಲ್ಯಾಣಪ್ಪ ಬಾಯಿ ಬಿಟ್ಟ.

"ಎಪ್ಪಾ, ಆ ಹೊತ್ತಿನ್ಯಾಗ ಶಿವರಾಯ ಹಾಜರಿಗಿ ಬಂದಿದ್ದ."

"ಬಂದು ಹೋಗೂಮುಂದ ಮಾಡಿರ್ತಾನ."

"ಕತ್ತಲಾಗೂತನಕ ಕಟ್ಟಿ ಕೆಳಗೇ ನಿಂತಿದ್ದ. ಮಗಳಿಗಿ ಹೆರಿಗಿ ಅದ, ಕುಂಚಾವರಂಕ ಹೋಗಲಿಕ್ಕಿ ರಜಾ ಕೊಡ್ರಿ ಅಂತ ಗೋಗರಿಲಿಕತ್ತಿದ್ದ. ಸೂಗಪ್ಪ ಸಾವಕಾರ್ರು ಕಳುವಾಗ್ಯಾದ ಅಂತ ಓಡಿ ಬಂದಾಗೂ ಅಲ್ಲೇ ಇದ್ದ."

ಗುರುಲಿಂಗಪ್ಪ ಶೇಂಗಾ ಹಿಂಡಿಯಲ್ಲಿ ಬೆರಳಾಡಿಸುತ್ತ ಕೂತ. "ನಿನಗ ದಿನಾ ಮರತು ಮರತು ಹೋಗ್ತದ. ಭಾನುವಾರದ್ದು ಸೋಮವಾರ ಅಂತಿರಬೇಕು. ಉಣ್ಣು."

ಬುಧವಾರ ಗುಲಾಮ ದಸ್ತಗೀರ ಅಮೀನನ ಮುಂದೆ ಹಾಜರಿ ಪುಸ್ತಕ ಇಟ್ಟ. ಅವನೂ ಹತ್ತೊಂಬತ್ತು ವರ್ಷ ನೌಕರಿ ಮಾಡಿದ ಜವಾನ, ಗುರುಲಿಂಗಪ್ಪನ ಜೊತೆಗಾರ. ಜಮಾದಾರಿ ಸರದಿಯಲ್ಲಿ ಅವನ ಹಿಂದೆಯೇ ನಿಂತವನು. "ಸರಕಾರ್, ಒಮ್ಮಿ ಇದು ನೋಡ್ರಿ. ಸೋಮವಾರ ಶಿವರಾಯಂದು ಹಾಜರಿ ಬಿದ್ದದ" ಎಂದಷ್ಟೇ ಹೇಳಿದ.

ಅಮೀನ ಹೊಸಬ, ಓದಿದವ. ಶಿವರಾಯನ ಹೆಬ್ಬೆಟ್ಟನ್ನು ಒಂದು ಹಾಳೆಯ ಮೇಲೆ ಒತ್ತಿಸಿ, ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದ. ಗೆರೆ ಕೂಡಲಿಲ್ಲ. ಅವನಿಗೆ ಖುಷಿಯೋ ಖುಷಿ.

"ನೋಡಿದಿರೇನು ಬದಮಾಷ! ಬೇರೆಯವನನ್ನು ಕಳಿಸಿ ತನ್ನ ಜಾಗದಲ್ಲಿ ಒತ್ತಿಸಿದ್ದಾನೆ. ಇದು ಮೊದಲೇ ಹೂಡಿದ ಸಂಚು."

"ಹುಜೂರ್, ನಾ ಎಂದೂ ಒತ್ತಿಲ್ರಿ," ಎಂದ ಶಿವರಾಯ. "ನಮ್ಮ ಕೈಯಾಗ ಮಸಿ ಡಬ್ಬಿ ಯಾರು ಕೊಡ್ತಾರ್ರಿ? ನಾವು ಕೆಳಗ ನಿಂದ್ರತೀವಿ. ಧಣ್ಯಾರೇ ಒತ್ಕೋತಾರ್ರಿ."

ಅಮೀನ ಗುರುಲಿಂಗಪ್ಪನ ಕಡೆ ತಿರುಗಿದ. "ಹೌದೇನು?"

"ಸುಳ್ಳ ಹುಜೂರ್," ಎಂದ ಗುರುಲಿಂಗಪ್ಪ. "ಎಲ್ಲಾರೂ ತಮ್ಮದು ತಾವೇ ಒತ್ತತಾರ."

ಬಾಗಿಲಲ್ಲಿ ನಿಂತಿದ್ದ ಕಲ್ಯಾಣಪ್ಪ ತನಗರಿವಿಲ್ಲದೆ ಬಲಗೈಯನ್ನು ಬೆನ್ನ ಹಿಂದೆ ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಯಾರೂ ಅವನತ್ತ ನೋಡಲಿಲ್ಲ.

ಅವತ್ತಿನಿಂದ ಗುರುಲಿಂಗಪ್ಪನ ಮನೆಯಲ್ಲಿ ದನದ ಕೊಟ್ಟಿಗೆ ನಾರತೊಡಗಿತು. ಶಿವರಾಯನ ಹೆಂಡತಿ ಮರೆಮ್ಮನೇ ದಿನಾ ಬಂದು ಸೆಗಣಿ ಬಳಿದು ಕುಳ್ಳು ತಟ್ಟಿ ಹೋಗುತ್ತಿದ್ದಳು. ಶಿವಕಾಂತಮ್ಮ ಅವಳ ಗಡಿಗೆಗೆ ಮೇಲಿನಿಂದ ಮಜ್ಜಿಗೆ ಸುರಿದು, ನಿನ್ನೆಯ ರೊಟ್ಟಿ ಹಾಕುತ್ತಿದ್ದಳು. ಅವಳು ಬರುವುದು ನಿಂತಿತು. ಲಲಿತಾಬಾಯಿ ಸೀರೆ ಎತ್ತಿ ಕಟ್ಟಿ ಸೆಗಣಿಗೆ ಇಳಿದಳು, ಮುದುಕಿ ಶರಣಬಸಮ್ಮ ಎಮ್ಮೆಗೆ ನೀರು ಕುಡಿಸಲು ಹೋಗಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಳು. ಮುಂದಿನ ಸೋಮವಾರ ಮರೆಮ್ಮ ಬಂದಳು. ಕೈಯಲ್ಲಿ ಗಡಿಗೆ ಇರಲಿಲ್ಲ.

"ಎವ್ವಾರೇ," ಎಂದು ಹಿತ್ತಲಲ್ಲಿ ನಿಂತು ಕೂಗಿದಳು. "ನನ್ನ ಗಂಡಂದು ಹೆಬ್ಬೆಟ್ಟು ಎಲ್ಲಿ ಹೋಯ್ತು ಅಂತ ಧಣ್ಯಾರಿಗಿ ಕೇಳ್ರಿ. ಐದು ವರ್ಷ ಒಗೀತಾರಂತ ಜೇಲಿನ್ಯಾಗ. ಮಗಳು ಹಡದು ಮೂರು ದಿನ ಆಯ್ತು, ಕೂಸಿನ ಮೋತಿ ನೋಡಿಲ್ಲ ನಾ."

"ನನಗೇನು ಗೊತ್ತು ಅದು? ಕುಂದ್ರು, ರೊಟ್ಟಿ ತರ್ತೀನಿ."

"ರೊಟ್ಟಿ ಬ್ಯಾಡ್ರಿ" ಎಂದು ಮರೆಮ್ಮ ಹೋಗಿಬಿಟ್ಟಳು. ಈ ಮನೆಯ ರೊಟ್ಟಿಯನ್ನು ಬೇಡ ಅಂದದ್ದು ಅವಳು ಅದೇ ಮೊದಲು. ಶಿವಕಾಂತಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮಗನನ್ನು ಒಳಗೆ ಕರೆದು ಬಾಯಿ ಬಿಡಿಸಿದಳು. ಅವನು ಎಲ್ಲ ಹೇಳಿದ.

ಅವತ್ತಿನ ಊಟ ಯಾರಿಗೂ ಇಳಿಯಲಿಲ್ಲ.

"ಮಗನ ಹೆಬ್ಬೆಟ್ಟು ಮುಚ್ಚಿಟ್ಟು ಒಬ್ಬನ್ನ ಜೇಲಿಗಿ ಕಳಿಸ್ತೀರೇನು?" ಶಿವಕಾಂತಮ್ಮ ತವೆಯ ಮುಂದಿನಿಂದಲೇ ಕೇಳಿದಳು.

"ಹೇಳಿದ್ರ ಏನಾಗ್ತದ ಗೊತ್ತೇನು? ಸರಕಾರಿ ಪುಸ್ತಕದಾಗ ಖೋಟಾ. ಇವನ ನೌಕರಿ ಹೋಗ್ತದ. ನಂದೂ ಹೋಗ್ತದ. ಇಪ್ಪತ್ಮೂರು ವರ್ಷ ಅವರು ನನಗ ಕಾಲಾಗ ಹಾಕಿ ತುಳದಾರ. ಈಗ ಬಾಗಿಲು ತೆರದದ. ಒಬ್ಬ ಕೇರಿಯವನ ಸಲುವಾಗಿ ನಾನೇ ಹಾಕ್ಕೋಬೇಕೇನು?"

ಲಲಿತಾಬಾಯಿ ಸೆರಗು ಇನ್ನಷ್ಟು ಮುಂದೆಳೆದುಕೊಂಡಳು. "ಅತ್ತೀ, ಒಂದು ಮಾತು ಕೇಳ್ರಿ. ಮಾವನವರಿಗಿ ವಿಭೂತಿ ನೋಡಿ ದೂರ ಇಟ್ರು ಅಂತ ನಾ ಈ ಮನಿಗಿ ಬಂದಾಗಿಂದ ಕೇಳ್ಲಿಕತ್ತೀನಿ. ಶಿವರಾಯಗ ಏನು ನೋಡಿ ಹಿಡಕೊಂಡು ಬಂದಾರ ಅಂತ ಕೇಳ್ರಿ."

"ನಿನ್ನ ಸೊಸಿಗಿ ಬಾಯಿ ಮುಚ್ಚು ಅನ್ನು!"

"ನಾ ಯಾಕ ಅನ್ಲಿ? ನಾ ಕೇಳಬೇಕಂದಿದ್ದೇ ಆಕಿ ಕೇಳ್ಯಾಳ."

ಶರಣಬಸಮ್ಮ ಮೂಲೆಯಲ್ಲಿ ಮಲಗಿದಲ್ಲಿಂದಲೇ ನರಳುತ್ತ ಹೇಳಿದಳು: "ದಿನಾ ಮುಂಜಾನಿ ಬಸವಣ್ಣನ ಹೆಸರು ತಗೊಂಡು ಲಿಂಗಪೂಜಿ ಮಾಡ್ಕೋತಿ. ಪೂಜಿ ಮಾಡೂ ಕೈ ಯಾವುದು, ಒತ್ತೂ ಕೈ ಯಾವುದು?"

ಗುರುಲಿಂಗಪ್ಪ ತಟ್ಟೆ ನೂಕಿ ಎದ್ದ. "ಹೊರಗ ಅವರು, ಮನ್ಯಾಗ ನೀವು. ಎಲ್ಲಾರೂ ಸೇರಿ ಒಮ್ಮೆ ನನಗ ಮಣ್ಣ ಮಾಡ್ರಿ."

ಮುಂದಿನ ಹದಿನೈದು ದಿನ ಅವನು ಕೂತಲ್ಲಿ ಕೂರಲಿಲ್ಲ. ಸೊಂಟಪಟ್ಟಿಯ ಹಿತ್ತಾಳೆ ತಿಕ್ಕುವನು, ಅರ್ಧಕ್ಕೆ ಬಿಟ್ಟು ಬಾವಿಕಟ್ಟೆಗೆ ಹೋಗುವನು, ಅಲ್ಲಿಂದ ಠಾಣೆಗೆ, ಠಾಣೆಯಿಂದ ಮನೆಗೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದು ದಿನ, ಕಡಿಮೆಯಾಯಿತೆಂದು ಇನ್ನೊಂದು ದಿನ ಒದರಾಡಿದ. ಠಾಣೆಯ ಹಿಂದಿನ ಬೇವಿನ ಗಿಡದ ಕೆಳಗೆ ದಸ್ತಗೀರನನ್ನು ಹಿಡಿದ.

"ಪುಸ್ತಕ ಯಾಕ ತಂದಿಟ್ಟಿ? ನಾ ಹ್ಯಾಂಗ ಒತ್ತತಿದ್ದೆ ಅಂಬೋದು ನಿನಗ ಗೊತ್ತಿತ್ತು."

"ಗೊತ್ತಿತ್ತು. ಪುಸ್ತಕ ನೋಡಿದ್ರ ನೀ ಬಾಯಿ ಬಿಡ್ತಿ ಅಂತ ತಿಳದಿದ್ದೆ ಭಾಯಿ."

"ಹಂಗಾರ ಅಮೀನಗ ನೀನೇ ಯಾಕ ಹೇಳ್ಲಿಲ್ಲ?"

ದಸ್ತಗೀರ ಬೀಡಿಯ ಬೂದಿ ಝಾಡಿಸಿದ. "ನಾ ಹೇಳಿದ್ರ ಊರೆಲ್ಲಾ ಏನಂತಾರ? ಜಮಾದಾರಿ ಹೊಡಕೋಲಿಕ್ಕಿ ಮುಸಲ್ಮಾನ ಹೇಳ್ದ ಅಂತಾರ. ನೀನೂ ಅಂತಿ. ಖರೇನೋ ಸುಳ್ಳೋ?"

ಗುರುಲಿಂಗಪ್ಪ ಬೇವಿನ ಕಡ್ಡಿಯೊಂದನ್ನು ಮುರಿದ. ದಸ್ತಗೀರ ಮುಂದುವರಿಸಿದ.

"ಮ್ಯಾಲಿನವರು ನಿಮ್ಮವರು ಅಂತ ನೀ ಯಾವಾಗೂ ಅಂತಿ. ನಮ್ಮವರಾದ್ರ ನಾ ಹತ್ತೊಂಬತ್ತು ವರ್ಷ ಯಾಕ ಜವಾನ ಇದ್ದೀನಿ? ನಾ ಮಾತಾಡೂ ದಖನಿ ಉರ್ದು ಕೇಳಿ ಹೈದರಾಬಾದಿನ ಸಾಹೇಬರು ನಗ್ತಾರ. 'ದೇಹಾತಿ', ಹಳ್ಳಿ ಗಮಾರ ಅಂತಾರ. ನಿನಗ ವಿಭೂತಿ ಅಡ್ಡ ಬಂತು, ನನಗ ನಾಲಿಗಿ ಅಡ್ಡ ಬಂತು. ನಮ್ಮಿಬ್ಬರದೂ ಸಂಜಿಗಿ ಮನಿಗಿ ಹೋಗಿ ಹೆಂಡ್ತಿ ಮುಂದ ಒದರೂ ದುಃಖ ಬಿಡು. ಅಂವಾ ಲಾಕಪ್ಪಿನ್ಯಾಗ ಇದ್ದಾನ."

"ಕಾಯಂ ಆಗ್ಲಿ. ಆಮ್ಯಾಲ ಹ್ಯಾಂಗರೆ ಮಾಡಿ ಬಿಡಸ್ತೀನಿ."

"ಹ್ಯಾಂಗ?"

ತಪಾಸಣೆಯ ಹಿಂದಿನ ದಿನ ಮಗನಿಗೂ ಅದೇ ಮಾತು ಹೇಳಿದ. ಮಗನೂ ಅದೇ ಪ್ರಶ್ನೆ ಕೇಳಿದ. ಗುರುಲಿಂಗಪ್ಪ ಅಷ್ಟು ದೂರ ಯೋಚಿಸಿಯೇ ಇರಲಿಲ್ಲ.

ಮೊಹತಮೀಮ ಸಾಹೇಬರು ಚಿತ್ತಾಪುರದ ಹಾದಿಯಿಂದ ಗುರುವಾರ ಹತ್ತು ಗಂಟೆಗೆ ಬಂದರು. ಬಂದೂಕು ಎಣಿಸಿದರು, ಜವಾನರ ಎದೆಯ ಬಿಲ್ಲೆ ನೋಡಿದರು, ಕಡೆಗೆ ಕಳವಿನ ಮಾಮಲೆಗೆ ಬಂದರು. ಬೇಡಿ ಹಾಕಿದ ಶಿವರಾಯನನ್ನು ತಂದು ನಿಲ್ಲಿಸಿದರು. ಅಮೀನ ಹೆಬ್ಬೆಟ್ಟಿನ ಜಾಣತನವನ್ನು ವಿವರಿಸತೊಡಗಿದ್ದ, ಅಷ್ಟರಲ್ಲಿ ಕಲ್ಯಾಣಪ್ಪ ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದು ಸಲಾಮು ಹೊಡೆದ.

"ಹುಜೂರ್, ಆ ಹೆಬ್ಬೆಟ್ಟು ನಂದು. ಈ ಪುಸ್ತಕದಾಗಿಂದು ಎಲ್ಲಾ ನಂದೇ. ಅವರಿಗಿ ಮುಟ್ಟಬಾರದು ಅಂತ ನಾನೇ ಒತ್ತೀನಿ. ಆ ಸಂಜಿ ಶಿವರಾಯ ನನ್ನ ಮುಂದೇ ನಿಂತಿದ್ದ."

ಮೊಹತಮೀಮರು ಅವನ ಹೆಬ್ಬೆಟ್ಟು ಒತ್ತಿಸಿ ನೋಡಿದರು. ಗೆರೆಗೆ ಗೆರೆ ಕೂಡಿತು. "ಒಬ್ಬನ ಗೆರೆ ಇನ್ನೊಬ್ಬನಿಗೆ ಇರುವುದಿಲ್ಲ, ಸಾಯುವತನಕ ಬದಲಾಗುವುದೂ ಇಲ್ಲ," ಎಂದರು ಶಿವರಾಯನ ಕಡೆ ನೋಡುತ್ತ. ಆಮೇಲೆ ಕಲ್ಯಾಣಪ್ಪನಿಗೆ, "ಇದನ್ನು ನಿನಗೆ ಕಲಿಸಿದವರು ಯಾರು?" ಎಂದು ಕೇಳಿದರು.

ಕಲ್ಯಾಣಪ್ಪ ನೆಲ ನೋಡಿದ. ಮೊಹತಮೀಮರು ಗುರುಲಿಂಗಪ್ಪನ ಕಡೆ ತಿರುಗಿದರು. "ಇವನಿಗಿಂತ ಮೊದಲು ಹಾಜರಿ ನಿನ್ನದಲ್ಲವೇ? ನೀನು ಹೇಗೆ ಮಾಡುತ್ತಿದ್ದೆ?"

ಒಂದು ಮಾತು ಸಾಕಾಗಿತ್ತು. ಮಗ ತಲೆ ಎತ್ತಿ ಅಪ್ಪನನ್ನೇ ನೋಡಿದ. ಅಪ್ಪ ನೋಡಿದ್ದು ಮೇಜಿನ ಮೇಲಿನ ಕಾಯಂ ಹುಕುಮಿನ ಕಾಗದವನ್ನು. ಅದಕ್ಕೆ ಸಹಿ ಇನ್ನೂ ಬಿದ್ದಿರಲಿಲ್ಲ.

"ಒಬ್ಬೊಬ್ಬರನ್ನೇ ಮ್ಯಾಲ ಕರದು, ಕೈ ಹಿಡದು ಒತ್ತಸ್ತಿದ್ದೆ ಹುಜೂರ್. ಇಂವಾ ಹಿಂಗ ಮಾಡ್ಲಿಕತ್ತಾನ ಅಂಬೋದು ನನಗ ಗೊತ್ತಿದ್ದಿಲ್ಲ."

ಶಿವರಾಯ ನಕ್ಕನೋ ಕೆಮ್ಮಿದನೋ, ಗಂಟಲಿನಿಂದ ಒಂದು ಸದ್ದು ಬಂತು. ಅಮೀನ ಗದರಿಸಿದ.

ಕಲ್ಯಾಣಪ್ಪನ ಬಿಲ್ಲೆಯನ್ನು ಅಲ್ಲೇ ಕಿತ್ತುಕೊಂಡು ನೌಕರಿಯಿಂದ ತೆಗೆದರು. ಶಿವರಾಯನ ಬೇಡಿ ತೆಗೆದರು. ಇನ್ನು ಮೇಲೆ ಹಾಜರಿಯವರು ಕಟ್ಟೆ ಹತ್ತಿ ತಮ್ಮ ಹೆಬ್ಬೆಟ್ಟು ತಾವೇ ಒತ್ತಬೇಕು, ಹಾಜರಿ ತೆಗೆದುಕೊಂಡ ಜಮಾದಾರ ಕೆಳಗೆ ತನ್ನದನ್ನೂ ಒತ್ತಬೇಕು ಎಂದು ಹೊಸ ಹುಕುಂ ಆಯಿತು. ಮಗ ಎಂಬ ಮುಲಾಜಿಲ್ಲದೆ ಸತ್ಯ ಹೇಳಿದ್ದಕ್ಕೆ ಗುರುಲಿಂಗಪ್ಪನ ದಾಖಲೆಯಲ್ಲಿ ಎರಡು ಸಾಲು ಒಳ್ಳೆಯ ಮಾತು ಬರೆದು, ಮೊಹತಮೀಮರು ಕಾಯಂ ಕಾಗದಕ್ಕೆ ಸಹಿ ಹಾಕಿದರು.

ಸಾಹೇಬರನ್ನು ಊರ ಗಡಿವರೆಗೆ ಕಳಿಸಿ ಗುರುಲಿಂಗಪ್ಪ ಮನೆಗೆ ಬಂದಾಗ ಲಲಿತಾಬಾಯಿ ಗಂಟು ಕಟ್ಟಿ ಪಡಸಾಲೆಯಲ್ಲಿಟ್ಟಿದ್ದಳು. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಅವಳ ಸೋದರಮಾವ ಮೇಸ್ತ್ರಿ.

"ಎಲ್ಲಿಗಿ ಹೊಂಟೀರಿ? ಆರು ತಿಂಗಳು ತಡಿರಿ, ನಾ ಅರ್ಜಿ ಹಾಕಿ ತಿರುಗಿ ನೌಕರಿ ಕೊಡಸ್ತೀನಿ. ಈಗ ನಾ ಕಾಯಂ ಜಮಾದಾರ!"

"ಅತ್ತೀ," ಎಂದಳು ಲಲಿತಾಬಾಯಿ. ಆಮೇಲೆ ಯಾಕೋ ಸೆರಗು ಹಿಂದೆ ಸರಿಸಿ, ಮೊದಲ ಸಲ ಮಾವನ ಮುಖ ನೋಡಿದಳು. "ಮಾವಾರೇ, ಖಣ್ಯಾಗ ಕಲ್ಲು ಒಡದು ತಿಂತೀವ್ರಿ."

ಕಲ್ಯಾಣಪ್ಪ ಅಪ್ಪನ ಕಾಲು ಮುಟ್ಟಿದ. "ನಾ ನಿನ್ನ ಹೆಸರು ಹೇಳ್ಲಿಲ್ಲ ಎಪ್ಪಾ. ನೀನೇ ಹೇಳ್ತಿ ಅಂತ ಕಾದೆ" ಎಂದು ಗಂಟು ಎತ್ತಿಕೊಂಡ.

ಅವರು ಹೋದ ಮೇಲೆ ಶಿವಕಾಂತಮ್ಮ ತಟ್ಟೆ ಹಾಕಿದಳು. ಪುಂಡಿಪಲ್ಯ, ಬಿಸಿ ರೊಟ್ಟಿ, ಮೊಸರು ಎಲ್ಲ ಇತ್ತು. ಬಡಿಸಿದವಳು ಅಲ್ಲಿ ಕೂರದೆ ಕೊಟ್ಟಿಗೆಗೆ ಸೆಗಣಿ ಬಳಿಯಲು ಹೋದಳು. ಗುರುಲಿಂಗಪ್ಪ ಕಾಯಂ ಆದ ಸುದ್ದಿಯನ್ನು ತಾಯಿಗೆ ಹೇಳಿದ. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

ಸಂಜೆ ಅವನು ಜಮಾದಾರನ ಹೊಸ ಪಟ್ಟಿ ಕಟ್ಟಿಕೊಂಡು ಹಾಜರಿಗೆ ಕೂತ. ಏಳು ಜನ ಅಂಜುತ್ತ ಕಟ್ಟೆ ಹತ್ತಿದರು, ದಸ್ತಗೀರ ಮಸಿಯ ಡಬ್ಬಿ ಹಿಡಿದ, ಒಬ್ಬೊಬ್ಬರೇ ಒತ್ತಿದರು. ಕಡೆಯವನು ಶಿವರಾಯ. ಹುಕುಮಿನಂತೆ ಎಲ್ಲರ ಕೆಳಗೆ ಗುರುಲಿಂಗಪ್ಪ ತನ್ನ ಹೆಬ್ಬೆಟ್ಟು ಒತ್ತಿದ. ಶಿವರಾಯ ಬಗ್ಗಿ ಆ ಗುರುತನ್ನು ಬಹಳ ಹೊತ್ತು ನೋಡಿದ.

"ಜಮಾದಾರ್ರೇ, ಒಬ್ಬರ ಗೆರಿ ಇನ್ನೊಬ್ಬರಿಗಿ ಇರಂಗಿಲ್ಲಂತ ದೊಡ್ಡ ಸಾಹೇಬ್ರು ಅಂದ್ರು. ಖರೇ ಏನ್ರಿ?"

"ಖರೇ. ನಡಿ ಇನ್ನ."

"ಸಾಯೂತನಕ ಬದಲಾಗಂಗಿಲ್ಲ?"

"ಇಲ್ಲ ಅಂದೆನಲ್ಲ."

ಶಿವರಾಯ ಕದಲಲಿಲ್ಲ. "ಹಂಗಾರ ಸಣ್ಣ ಧಣಿ ಬರೂಕಿಂತ ಮೊದಲಿನ ಪುಸ್ತಕ ಎಲ್ಲಿ ಅದಾವ್ರಿ?"

ಗುರುಲಿಂಗಪ್ಪ ದಸ್ತಗೀರನ ಕಡೆ ನೋಡಿದ. ಹಳೆಯ ಕಾಗದಪತ್ರದ ಟ್ರಂಕಿನ ಕೀಲಿ ದಸ್ತಗೀರನ ಸೊಂಟದಲ್ಲಿರುತ್ತಿತ್ತು.

"ಒಳಗ ಅದಾವ," ಎಂದ ದಸ್ತಗೀರ, ಡಬ್ಬಿಯ ಮುಚ್ಚಳ ಹಾಕುತ್ತ. "ಹದಿನೈದು ವರ್ಷದ್ದೂ ಅದಾವ. ಒಂದೂ ಹೋಗಿಲ್ಲ."

ಶಿವರಾಯ ತಲೆಯಾಡಿಸಿ ಕಟ್ಟೆ ಇಳಿದು ಹೋದ. ಗುರುಲಿಂಗಪ್ಪನಿಗೆ ಇನ್ನೂ ಏಳು ವರ್ಷ ನೌಕರಿ ಇತ್ತು, ದಿನಾ ಸಂಜೆ ಹಾಜರಿ ಪುಸ್ತಕದಲ್ಲಿ ಅದೇ ಹೆಬ್ಬೆಟ್ಟು ಒತ್ತಬೇಕಾಗಿತ್ತು.